ಕಡ್ಡಿಯ ತೋಳಿನ ಅಳತೆ

ಟೈಲರಮ್ಮನಿಗೆ ಕೋಪ ಬಂದರೆ ಹೊಲಿಗೆ ಮೆಷಿನ್ ನಿಲ್ಲುತ್ತಿತ್ತು. ಅಂದು ಸಂಜೆ ಅದು ಕಾಲರಿನ ಅರ್ಧದಲ್ಲೇ ನಿಂತಿತು.

ಎದುರಿಗಿದ್ದವನು ಅವಳ ತಮ್ಮ. ಚಿಕ್ಕಂದಿನಲ್ಲಿ ಸೊರಗಿಕೊಂಡಿದ್ದನೆಂದು ಬೀದಿಯವರು ಇಟ್ಟ ಹೆಸರು ಕಡ್ಡಿ. ಈಗ ಮೂವತ್ತು. ಟೈರ್ ಅಂಗಡಿಯಲ್ಲಿ ಲಾರಿ ಚಕ್ರವನ್ನು ಒಬ್ಬನೇ ಎತ್ತಿ ನಿಲ್ಲಿಸುತ್ತಾನೆ, ಆದರೂ ಆ ಹೆಸರು ಬಿಟ್ಟು ಹೋಗಿಲ್ಲ. ಅದನ್ನು ಅಳಿಸಲೆಂದೇ ಹನ್ನೊಂದು ವರ್ಷದಿಂದ ಜಿಮ್ಮಿನಲ್ಲಿ ಕಬ್ಬಿಣ ಎತ್ತುತ್ತಿದ್ದಾನೆ. ಎದೆಗೆ ಸರಿಹೋಗುವ ರೆಡಿಮೇಡ್ ಅಂಗಿ ಸೊಂಟದಲ್ಲಿ ಚೀಲದಂತೆ ಜೋಲುತ್ತದೆ. ಹಾಗಾಗಿ ಅವನ ಅಂಗಿಗಳೆಲ್ಲ ಅಕ್ಕನ ಕೈಯವೇ.

"ತೋಳು ಬಿಗಿ ಆಗ್ತಿದೆ ಅಕ್ಕ. ಸ್ವಲ್ಪ ಬಿಚ್ಚಿ ಕೊಡು."

"ಹೊಲಿದು ಎರಡು ತಿಂಗಳಾಗಿಲ್ಲ! ನೀರಲ್ಲಿ ಕುಗ್ಗಿತಾ?"

"ಅಂಗಿ ಕುಗ್ಗಿಲ್ಲ, ನಾನು ಬೆಳೆದೆ," ಎಂದು ಹಲ್ಲು ಕಿರಿದ.

ಟೇಪು ಸುತ್ತಿದಳು. ಹದಿನೇಳು ಇಂಚು. ಅಳತೆ ಪುಸ್ತಕದಲ್ಲಿದ್ದುದು ಹದಿನೈದೂವರೆ. ಮೊದಲು ಟೇಪನ್ನೇ ಬೈದಳು. ಬಟ್ಟೆಯ ಟೇಪು ಎಳೆದೆಳೆದು ಹಿಗ್ಗುತ್ತದೆ. ಕಬ್ಬಿಣದ ಸ್ಕೇಲಿನ ಪಕ್ಕ ಇಟ್ಟು ನೋಡಿದಳು. ಹೌದು, ಒಂದು ಕಾಳಿನಷ್ಟು ಹಿಗ್ಗಿತ್ತು. ಆದರೆ ಹಿಗ್ಗಿದ ಟೇಪು ತೋಳನ್ನು ಸಣ್ಣದಾಗಿ ತೋರಿಸಬೇಕೇ ಹೊರತು ದಪ್ಪವಾಗಿ ಅಲ್ಲ.

ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಜಿಮ್ಮಿಗೆ ಸೇರಿದ ವರ್ಷ ತೋಳು ಎರಡು ಇಂಚು ಬೆಳೆದಿತ್ತು. ಮರುವರ್ಷ ಒಂದು, ಆಮೇಲೆ ಅರ್ಧ, ಆಮೇಲೆ ನೂಲೆಳೆಯಷ್ಟು. ಕಳೆದ ನಾಲ್ಕು ವರ್ಷ ಅದೇ ಹದಿನೈದೂವರೆ. ಅವಳಿಗೆ ಇದರಲ್ಲಿ ಸೋಜಿಗವೇನೂ ಕಂಡಿರಲಿಲ್ಲ. ಅಂಗಿ ಹೊಲಿಯುವಾಗ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ, ಬೇಕಾದಾಗ ಬಿಚ್ಚಬಹುದು. ಅದೂ ಮುಗಿದ ಮೇಲೆ ಬಿಚ್ಚುವುದೇನನ್ನು? ಮೈಗೂ ಯಾರೋ ಅಷ್ಟೇ ಬಟ್ಟೆ ಬಿಟ್ಟಿರುತ್ತಾರೆ.

"ಅಂಗಿ ತೆಗಿ."

ಬೆನ್ನ ತುಂಬ ಕೆಂಪು ಮೊಡವೆ. ಮೈ ಊದಿಸಲು ಮದ್ದು ಚುಚ್ಚಿಸಿಕೊಂಡ ಗಿರಾಕಿಗಳ ಬೆನ್ನಲ್ಲಿ ಅವಳು ಕಂಡಿದ್ದಂಥದೇ.

"ಏನು ಚುಚ್ಚಿಸ್ಕೊತಿದ್ದೀಯೋ?"

"ಏನಿಲ್ಲ."

"ಸುಳ್ಳು ಬೊಗಳಿದ್ರೆ ಈ ಕತ್ತರೀಲೇ ಕಿವಿ ಕತ್ತರಿಸ್ತೀನಿ!"

ಅವನು ನೆಲ ನೋಡಿದ. "ಜಿಮ್ ಮಾಸ್ಟರ್ ಇಂಜೆಕ್ಷನ್ ಕೊಡ್ತಿದ್ದಾರೆ. ನನ್ನ ಎತ್ತರಕ್ಕೆ ಎಂಬತ್ತೈದು ಕೆಜಿ ಇರ್ಬೇಕಂತೆ. ಎಪ್ಪತ್ತೊಂದಕ್ಕೇ ನಿಂತಿದ್ದು ಸೋಮಾರಿತನವಂತೆ. ಎಲ್ಲರ ಮುಂದೆ ಕಡ್ಡಿ ಅಂದ್ರು ಅಕ್ಕ."

"ಎದೆ ಹೇಗಿದೆ?"

"ಮೆಟ್ಟಿಲು ಹತ್ತಿದ್ರೆ ಡವಡವ ಅನ್ನುತ್ತೆ."

ಸೋಮಾರಿತನವಂತೆ! ಜ್ವರ ಬಂದ ದಿನವೂ ಜಿಮ್ಮು ತಪ್ಪಿಸದವನಿಗೆ! ಅವಳು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟಳು. ಕೊರಳಲ್ಲಿ ಟೇಪು ಹಾಗೇ ಇತ್ತು. ಅಂಗಿ ಹಾಕಿಕೊಳ್ಳುತ್ತಾ ತಮ್ಮ ಹಿಂದೆ ಓಡಿದ.

ಜಿಮ್ಮಿನಲ್ಲಿ ಬೆವರು, ತುಕ್ಕು, ರಬ್ಬರ್ ಚಾಪೆಯ ವಾಸನೆ. ಹತ್ತು ಹನ್ನೆರಡು ಜನ ಕನ್ನಡಿಯ ಮುಂದೆ ತೋಳು ಮಡಚಿ ನೋಡಿಕೊಳ್ಳುತ್ತಿದ್ದರು. ಮಾಸ್ಟರ್ ತೊಟ್ಟಿದ್ದ ಉದ್ದ ತೋಳಿನ ಅಂಗಿಯೂ ಅವಳೇ ಹೊಲಿದದ್ದು.

"ಬನ್ನಿ ಟೈಲರಮ್ಮ, ನೀವೂ ಸೇರ್ಕೊತೀರಾ?"

"ನನ್ನ ತಮ್ಮ ಎಷ್ಟು ತೂಗಬೇಕು ಮಾಸ್ಟರೇ?"

"ಎಂಬತ್ತೈದು. ಕಮ್ಮಿ ಅಂದ್ರೆ."

"ಹತ್ತು ವರ್ಷದ ಹಿಂದೆ ನನ್ನ ಅಂಗಡೀಲಿ ಕೈ ಎತ್ತಿ ನಿಂತ್ಕೊಂಡು ಬೇರೆ ಲೆಕ್ಕ ಹೇಳಿದ್ರಿ. ಮದ್ದು ಮುಟ್ಟದವನ ಮೈ, ಕೊಬ್ಬು ಕರಗಿಸಿದ ಮೇಲೆ, ಎತ್ತರದ ಸೆಂಟಿಮೀಟರಲ್ಲಿ ನೂರು ಕಳೆದಷ್ಟು ಕೆಜಿ ತೂಗಿದ್ರೆ ಹೆಚ್ಚುಕಮ್ಮಿ ಅಲ್ಲಿಗೆ ಮುಗೀತು ಅಂತ. ಇವನು ನೂರ ಎಪ್ಪತ್ತು. ಕಳೀರಿ ನೋಡೋಣ!"

"ಅದು ಹಳೇ ಮಾತು. ಮನಸ್ಸು ಮಾಡಿದ್ರೆ ಮಿತಿ ಅನ್ನೋದೇ ಇಲ್ಲ. ಬಟ್ಟೆ ಹೊಲಿಯೋರಿಗೆ ಇದೆಲ್ಲ ಏನು ಗೊತ್ತಾಗುತ್ತೆ?"

ಮೂವತ್ತು ವರ್ಷದಲ್ಲಿ ಅವಳು ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ಹೇಳಿದವಳಲ್ಲ. ಹೆಂಡತಿಯೇ ಬಂದು ಕೇಳಿದರೂ ಗಂಡನ ಸೊಂಟದ ಸುತ್ತಳತೆಯ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಆ ಕ್ಷಣ ಪುಸ್ತಕ ಬಿಚ್ಚಿದಳು.

"ಮಾಸ್ಟರ್ ತೋಳು. ಮೂವತ್ತನಾಲ್ಕು ವಯಸ್ಸಿನ ತನಕ ಹದಿನಾರು. ಮುಂದಿನ ವರ್ಷ ಹದಿನೆಂಟೂವರೆ. ಅದಾಗಿ ಎರಡು ವರ್ಷಕ್ಕೆ, ಆಸ್ಪತ್ರೆಯಿಂದ ಬಂದಾಗ, ಹದಿನಾಲ್ಕು. ಈಗಲೂ ಹದಿನಾಲ್ಕೇ. ಅದಕ್ಕೇ ಭುಜ ಹೀಗೆ."

ಬೆರಳಿನಿಂದ ಮಾಸ್ಟರ ಭುಜ ಒತ್ತಿದಳು. ಅಂಗಿಯೊಳಗಿನ ಪ್ಯಾಡು ದಿಂಬಿನಂತೆ ಒಳಗೆ ಹೋಗಿ ಮತ್ತೆ ಉಬ್ಬಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಕಡ್ಡಿ ನಗಲಿಲ್ಲ. ಅವನು ಮಾಸ್ಟರ ಭುಜವನ್ನೇ ನೋಡುತ್ತಿದ್ದ.

"ನಂಬಿ ಅಳತೆ ಕೊಟ್ಟಿದ್ದೆ," ಅಂದರು ಮಾಸ್ಟರ್, ಮೆಲ್ಲಗೆ.

"ನಾನೂ ನಂಬಿ ತಮ್ಮನನ್ನ ಕೊಟ್ಟಿದ್ದೆ."

ಮಾನ ಕಳೆದಳೆಂದು ಕಡ್ಡಿ ಒಂದು ವಾರ ಮಾತು ಬಿಟ್ಟ. ಎಂಟನೆಯ ದಿನ ಉಳಿದಿದ್ದ ಗಾಜಿನ ಪುಟ್ಟ ಬಾಟಲಿಗಳನ್ನು ತಂದು ಕತ್ತರಿಸುವ ಮೇಜಿನ ಮೇಲೆ ಸುರಿದ. ಅವಳು ಅವನನ್ನೂ ಬಾಟಲಿಗಳನ್ನೂ ಒಟ್ಟಿಗೆ ಡಾಕ್ಟರ ಮುಂದೆ ನಿಲ್ಲಿಸಿದಳು. ಎದೆ ಉಳಿದಿದೆ, ಇನ್ನಾರು ತಿಂಗಳಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು.

ತೋಳು ಹದಿನಾರೂವರೆಗೆ ಇಳಿಯಿತು, ಹದಿನಾರಾಯಿತು, ಕೊನೆಗೆ ಹದಿನೈದೂವರೆಗೆ ಬಂದು ನಿಂತಿತು. ಜಿಮ್ಮು ಬೇರೆಯಾಯಿತು, ಕಬ್ಬಿಣ ಅದೇ. ಹಳೆಯ ಗಿರಾಕಿಗಳಲ್ಲಿ ನಾಲ್ವರು ಬರುವುದು ಬಿಟ್ಟರು. ಅಳತೆ ಸಾರುವ ಟೈಲರ್ ಯಾರಿಗೆ ಬೇಕು? ಅವರನ್ನು ಅವಳು ದೂರಲಿಲ್ಲ.

ಮಾಸ್ಟರ ಮುಂದಿನ ಅಂಗಿಗೆಂದು ಹೊಲಿದಿಟ್ಟಿದ್ದ ಎರಡು ಭುಜದ ಪ್ಯಾಡುಗಳು ಮೆಷಿನ್ ಪಕ್ಕದಲ್ಲೇ ಇವೆ. ಗುಂಡುಸೂಜಿಗಳನ್ನು ಅವಳು ಈಗ ಅವುಗಳಿಗೇ ಚುಚ್ಚಿಡುತ್ತಾಳೆ. ಬೇಕಾದ್ದಕ್ಕಿಂತ ತುಸು ಜೋರಾಗಿ.