ಹನ್ನೊಂದು ದಿನ ಕಳೆದುಹೋದ ವರ್ಷದ ಕ್ಷೌರಿಕ

ಸಾಮರ್‌ಸೆಟ್ ಸೀಮೆಯ ಒಂದೂರಿನ ಪೇಟೆಬೀದಿಯ ಕ್ಷೌರಿಕ ಗಿಡಿಯನ್ ಟ್ಯಾಪ್‌ಸ್ಕಾಟ್‌ಗೆ ೧೭೫೨ರ ಸೆಪ್ಟೆಂಬರ್ ತಿಂಗಳಿಡೀ ಹಬ್ಬ. ಎರಡನೇ ತಾರೀಖಿನ ಮರುದಿನವೇ ಹದಿನಾಲ್ಕು ಎಂದು ಸರ್ಕಾರ ಕಾಯಿದೆ ಮಾಡಿ, ನಡುವಿನ ಹನ್ನೊಂದು ದಿನಗಳನ್ನು ಪಂಚಾಂಗದಿಂದಲೇ ಕಿತ್ತುಹಾಕಿದ್ದಕ್ಕೆ ಊರೆಲ್ಲ ಗೊಣಗುತ್ತಿತ್ತು. ಗೊಣಗುವವರ ಕತ್ತೆಲ್ಲ ಒಂದಲ್ಲ ಒಂದು ದಿನ ಅವನ ಕತ್ತಿಯ ಕೆಳಗೇ ಬರಬೇಕಿತ್ತು. 'ನನ್ನ ಆಯಸ್ಸಲ್ಲಿ ಹನ್ನೊಂದು ದಿನ ನುಂಗಿಬಿಟ್ರಲ್ಲೋ' ಎಂದು ಗಿರಣಿಯ ಚಬ್ ಮುದುಕ ಅಲವತ್ತುಕೊಂಡರೆ, ಗಿಡಿಯನ್ ಅವನ ಕೆನ್ನೆಯ ಮೇಲೆ ಬೆರಳಾಡಿಸಿ, 'ಅಷ್ಟು ದಿನ ಹೋಗಿದ್ರೆ ಗಡ್ಡ ಕುತ್ತಿಗೆಗೆ ಇಳೀಬೇಕಿತ್ತಲ್ಲ ತಾತ? ಇದು ಬರೀ ಎರಡು ದಿನದ್ದು. ಗಡ್ಡ ಪಂಚಾಂಗ ನೋಡ್ಕೊಂಡು ಬೆಳೆಯಲ್ಲ' ಎನ್ನುತ್ತಿದ್ದ. ಇದನ್ನೇ ಪಾದ್ರಿಗೂ ಹೇಳಿದ. ವಾದಕ್ಕಿಳಿದವರಿಗೆ ಮೂಗಿನವರೆಗೆ ನೊರೆ ಮೆತ್ತಿ, ಬಾಯಿ ತೆರೆಯದಂತೆ ಮಾಡಿ ಹೇಳಿದ. ಹಳೇ ಲೆಕ್ಕದಲ್ಲೇ ಹುಟ್ಟುಹಬ್ಬ ಮಾಡಿಕೊಳ್ಳುತ್ತೇನೆಂದ ಸ್ವಂತ ಅತ್ತೆಯನ್ನೂ ಬಿಡಲಿಲ್ಲ. ಭಾನುವಾರ ಬಿಟ್ಟರೆ ಅವನ ಅಂಗಡಿ ಮುಚ್ಚುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ಆರು ವರ್ಷದ ಮಗಳು ಹೆಸ್ಟರ್ ಜ್ವರದಲ್ಲಿ ತೀರಿಕೊಂಡ ಸೆಪ್ಟೆಂಬರ್ ಒಂಬತ್ತರಂದು. ಆ ವರ್ಷ ಒಂಬತ್ತನೇ ತಾರೀಖೇ ಬರಲಿಲ್ಲ. ಆದರೆ ಇಪ್ಪತ್ತರ ಬೆಳಿಗ್ಗೆ ಚಬ್ ಮುದುಕ ಬಂದು ನೋಡಿದರೆ ಅಂಗಡಿಗೆ ಬೀಗ. ಹುಡುಕಿಕೊಂಡು ಹೋದರೆ, ಗಿಡಿಯನ್ ಚರ್ಚಿನ ಹಿಂದೆ ಕೂತು ಪುಟ್ಟ ಗೋರಿಯ ಮೇಲಿನ ಹುಲ್ಲನ್ನು ತನ್ನ ಕತ್ತರಿಯಿಂದಲೇ ಸಮ ಮಾಡುತ್ತಿದ್ದ. ಮುದುಕ ಬೆರಳು ಮಡಿಸಿ ಎಣಿಸಿ, 'ಹಳೇ ಲೆಕ್ಕದಲ್ಲಿ ಇವತ್ತು ಒಂಬತ್ತಲ್ವೇನೋ?' ಎಂದ. 'ಅವಳಿಗೆ ಹೊಸ ಲೆಕ್ಕ ಯಾರು ಹೇಳಿದಾರೆ ತಾತ,' ಎಂದ ಗಿಡಿಯನ್, ಕತ್ತರಿ ನಿಲ್ಲಿಸದೆ. 'ಇವತ್ತೇ ಕಾಯ್ತಿರ್ತಾಳೆ.'