ಜರ್ಮನಿಯವನಿಗೆ ಹಾಕಿದ ಮೇಜು

ಹರಿಹರದಲ್ಲಿ ನಾವು ಕಾರ್ಖಾನೆಯವರು ಉಣ್ಣುತ್ತಿದ್ದ ಖಾನಾವಳಿಯ ಒಡತಿಯನ್ನು ಎಲ್ಲರೂ ಅವ್ವ ಅನ್ನುತ್ತಿದ್ದೆವು. ತಟ್ಟೆ ಖಾಲಿಯಾಗುವ ಮೊದಲೇ ರೊಟ್ಟಿ ಹಾಕಿ, "ನಾಚಬ್ಯಾಡ್ರಿ, ಉಣ್ರಿ" ಅನ್ನುವಳು. ಯಂತ್ರ ಕೂರಿಸಲು ಬಂದ ಜರ್ಮನಿಯ ಎಂಜಿನಿಯರನಿಗೆ ಮರ್ಯಾದೆಯೆಂದು ಮೂಲೆಯಲ್ಲಿ ಮೇಜು ಹಾಕಿಸಿ, ದಾವಣಗೆರೆಯಿಂದ ಬ್ರೆಡ್ಡು ತರಿಸಿ, ಬೆಣ್ಣೆ, ಬೇಯಿಸಿದ ಆಲೂಗಡ್ಡೆ ಬಡಿಸುತ್ತಿದ್ದಳು. ಅವನು ಒಬ್ಬನೇ ತಿನ್ನುತ್ತ, ನೆಲದಲ್ಲಿ ಕೂತ ನಮ್ಮ ಸಾಲನ್ನೇ ನೋಡುತ್ತಿದ್ದ.

ಒಂದು ಮಧ್ಯಾಹ್ನ ತಟ್ಟೆ ಹಿಡಿದು ಬಂದು ನನ್ನ ಪಕ್ಕ ಕೂತ.

"ಅಯ್ಯೋ, ಏನು ತಪ್ಪಾತಪ್ಪಾ?" ಅವ್ವ ಗಾಬರಿಯಾದಳು.

ಅವನು ನನ್ನ ರೊಟ್ಟಿ, ಕೆಂಪು ಚಟ್ನಿ ತೋರಿಸಿದ. ಬಡಿಸಿದಳು. ಒಂದೇ ತುತ್ತಿಗೆ ಅವನ ಕಣ್ಣಲ್ಲಿ ನೀರು ಇಳಿಯಿತು.

ಅವ್ವ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಒರೆಸಿ, "ನಿಮ್ಮವ್ವ ನೆನಪಾದಳೇನಪ್ಪಾ?" ಎಂದಳು.

ಕನ್ನಡ ಬಾರದವನು ಹೂಂ ಎಂಬಂತೆ ತಲೆಯಾಡಿಸಿದ. ಚಟ್ನಿ ಖಾರ ಅಂತ ನಾವ್ಯಾರೂ ಬಾಯಿ ಬಿಡಲಿಲ್ಲ.