ಗುಂಡಿ ಒಲೆಯ ಉಸ್ತಾದನ ಮೂಗು

ಆ ಯೆಮೆನಿ ಹೋಟೆಲಿನಲ್ಲಿ ಉಣ್ಣುವವರ ಬೆನ್ನಿಗೆ ಅಂಟಿಕೊಂಡೇ ಮುಂದಿನ ಸರದಿಯವರು ನಿಂತಿರುತ್ತಾರೆ. ಐದು ಜನ ಒಂದೇ ಹರಿವಾಣದ ಸುತ್ತ ಕೂತು ಅನ್ನ, ಮಾಂಸ ಉಣ್ಣುವಾಗ ಒಂದೊಂದು ತುತ್ತಿನ ಮೇಲೂ ಹಿಂದಿನವರ ಕಣ್ಣು. ನೆಂಟಸ್ತಿಕೆಯಿಲ್ಲದೆ ಇಷ್ಟು ಹೊಟ್ಟೆಕಿಚ್ಚು ಬೇರೆಲ್ಲೂ ಸಿಗದು.

ಈ ನೂಕುನುಗ್ಗಲಿಗೆಲ್ಲ ತಾನೇ ಕಾರಣ ಎಂದು ಹಿತ್ತಲಲ್ಲಿ ಮಾಂಸ ಬೇಯಿಸುವ ಉಸ್ತಾದ ನಂಬಿದ್ದ. ಸುಳ್ಳೂ ಅಲ್ಲ. ಕೆಂಡದ ಗುಂಡಿಗೆ ಮಾಂಸ ಇಳಿಬಿಟ್ಟು, ಮುಚ್ಚಳದ ಅಂಚಿಗೆ ಮಣ್ಣು ಮೆತ್ತಿದ ಮೇಲೆ, ತೆಗೆಯುವ ಹೊತ್ತನ್ನು ಗಡಿಯಾರ ಹೇಳುವುದಿಲ್ಲ. ಬಿರುಕಿನಿಂದ ಸೋರುವ ವಾಸನೆ ಹೇಳಬೇಕು. ಬೇಗ ತೆಗೆದರೆ ಹಸಿ, ತಡವಾದರೆ ಇದ್ದಿಲು. ಇಪ್ಪತ್ತು ವರ್ಷ ಅವನ ಮೂಗು ತಪ್ಪಿರಲಿಲ್ಲ. ಹೋದ ವರ್ಷದ ಜ್ವರ, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅದು ಗೊತ್ತಿದ್ದದ್ದು ಹೆಂಡತಿಗೆ ಮತ್ತು ಗುಂಡಿಯ ಪಕ್ಕದ ನಲ್ಲಿಯಲ್ಲಿ ಪಾತ್ರೆ ತೊಳೆಯುವ ಭಾಮೈದನಿಗೆ ಮಾತ್ರ. ಈ ಕೆಲಸ ಹೋದರೆ ಸಂಸಾರ ಬೀದಿಗೆ ಬಿತ್ತು ಎಂದು ಅಕ್ಕ ಅತ್ತದ್ದಕ್ಕೆ ಅವನು ಒಪ್ಪಿದ: ಹದ ಬಂದಾಗ ಭಾಮೈದ ಕೆಮ್ಮುವುದು, ಉಸ್ತಾದ ಗಂಭೀರವಾಗಿ ಮೂಗರಳಿಸಿ "ತೆಗೀರಿ" ಎನ್ನುವುದು.

ಎರವಲು ಮೂಗಿಗೂ ಜಂಭ ಬಂತು. ಮೊನ್ನೆ ಮಧ್ಯಾಹ್ನ ಗಿರಾಕಿಯೊಬ್ಬರು ಹೊಗಳಲು ಹಿತ್ತಲಿಗೇ ಬಂದರು. ಉಸ್ತಾದ ಮೀಸೆ ತಿರುವಿದ.

"ಇದೆಲ್ಲ ಹುಟ್ಟಿನಿಂದ ಬರ್ಬೇಕು ಸಾರ್. ಇವನನ್ನೇ ನೋಡಿ, ನನ್ನ ಭಾಮೈದ. ಎರಡು ವರ್ಷದಿಂದ ಪಕ್ಕದಲ್ಲೇ ಇದಾನೆ. ಪಾತ್ರೆ ತಿಕ್ಕೋನಿಗೆ ಮೂಗಿದ್ರೆಷ್ಟು, ಬಿಟ್ರೆಷ್ಟು?"

ಗಿರಾಕಿ ನಕ್ಕರು. ಭಾಮೈದ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮಾಂಸ ಹದಕ್ಕೆ ಬಂತು; ಅವನು ಕೆಮ್ಮಲಿಲ್ಲ.

ಸೀದ ವಾಸನೆಗೆ ಮೊದಲು ಒಳಗೆ ಉಣ್ಣುತ್ತಿದ್ದವರ ಕೈ ನಿಂತಿತು. ಆಮೇಲೆ ಬಾಗಿಲಲ್ಲಿ ಕಾಯುತ್ತಿದ್ದವರು ಮೂಗು ಮುಚ್ಚಿಕೊಂಡರು. ಹೋಟೆಲಿನ ಯಜಮಾನ ಓಡಿಬಂದಾಗ ಉಸ್ತಾದ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಏನಯ್ಯಾ ಇದು?"

"ಇನ್ನೂ ಹತ್ತು ನಿಮಿಷ ಬೇಕು ಯಜಮಾನ್ರೇ. ಅವಸರ ಮಾಡಿದ್ರೆ ಹಸಿ ಇರುತ್ತೆ."

ಯಜಮಾನ ಅವನನ್ನೇ ದಿಟ್ಟಿಸಿದ. ನೆಲ ಒರೆಸುವ ಫಿನಾಯಿಲ್ ಬಟ್ಟೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅವನ ಮೂಗಿಗೆ ಹಿಡಿದ. "ಏನಿದು, ಹೇಳು."

ಉಸ್ತಾದ ದೀರ್ಘವಾಗಿ ಉಸಿರೆಳೆದುಕೊಂಡ. ಭಾಮೈದನತ್ತ ಒಮ್ಮೆ ನೋಡಿದ. "ಏಲಕ್ಕಿ," ಎಂದ.

ಆ ನೋಟವೇ ಯಜಮಾನನಿಗೆ ಸಾಕಾಯಿತು. "ಒಬ್ಬ ಮೂಗಿಲ್ಲದೋನು, ಇನ್ನೊಬ್ಬ ಅದನ್ನ ಮುಚ್ಚಿಟ್ಟೋನು. ಇಬ್ರೂ ಹೊರಡಿ."

ದಾರಿಯಲ್ಲಿ ಉಸ್ತಾದನೇ ಸಮಾಧಾನ ಹೇಳಿದ. "ನಿಂದೇನೂ ತಪ್ಪಿಲ್ಲ ಬಿಡೋ. ಆ ಗಲಾಟೇಲಿ ನೀನು ಕೆಮ್ಮಿದ್ದು ನಂಗೆ ಕೇಳಿಸ್ಲಿಲ್ಲ. ನಿಮ್ಮಕ್ಕಂಗೂ ಹಾಗೇ ಹೇಳ್ತೀನಿ."

"ಹೂಂ ಭಾವ," ಎಂದ ಭಾಮೈದ.